ನಾಲಿಗೆಯ ಮೇಲೆ ಮೂಡಿದ ವಿಭೂತಿ

ಮೊನ್ನೆ ಮೊಮ್ಮಗಳ ಕೂಸಿನ ಬಾಯಲ್ಲಿ ಹಾಲಿನ ಕೆನೆಯಂಥ ಬಿಳುಪು ಕಾಣಿಸಿತು. ಡಾಕ್ಟರು ನೇರಳೆ ಬಣ್ಣದ ಔಷಧ ಕೊಟ್ಟರು. ಹತ್ತಿಯಲ್ಲಿ ಅದ್ದಿ ಹಚ್ಚಿದ್ದೇ ತಡ, ಕೂಸಿನ ತುಟಿ, ಗದ್ದ, ಮೊಮ್ಮಗಳ ಸೆರಗು ಎಲ್ಲವೂ ನೇರಳೆಯಾದವು. ಕದ್ದು ಹಣ್ಣು ತಿಂದ ಕಳ್ಳ ಎಂದು ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಎದ್ದು ಒಳಗೆ ಹೋಗಿ ಕೂತೆ. ಆ ಬಣ್ಣವನ್ನು ನಾನು ಮೊದಲ ಸಲ ನೋಡಿದ್ದು ನನ್ನ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ, ತುಟಿಗಳ ಮೇಲೆ...

ಸೊಲ್ಲಾಪುರದಲ್ಲಿ ಬ್ರಿಟಿಷರು ಹೇರಿದ್ದ ಮಾರ್ಷಲ್ ಲಾ ತೆಗೆದ ಮರುವರ್ಷ ನಾನು ಅಕ್ಕಲಕೋಟ ಕಡೆಯ ಹಳ್ಳಿಯಿಂದ ಆ ಮನೆಗೆ ಸೊಸೆಯಾಗಿ ಹೋದೆ. ಅರಿವೆ ವ್ಯಾಪಾರದ ದೊಡ್ಡ ಮನೆತನ. ಅತ್ತೆಯ ಮುಂದೆ ಸೊಸೆಯರು ದನಿ ಎತ್ತುವಂತಿರಲಿಲ್ಲ, ಪರಗಂಡಸರ ಮುಂದಂತೂ ಕೇಳಲೇಬೇಡಿ. ನನಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ನೆಗೆಣ್ಣಿಯನ್ನು ಅಕ್ಕ ಎನ್ನುತ್ತಿದ್ದೆ. ಶೇಂಗಾ ಚಟ್ನಿ ಕುಟ್ಟುತ್ತ ಕುಟ್ಟುತ್ತ ಅವಳೇ ಮರಾಠಿ ಕಲಿಸಿದಳು. ನಾನು ತಪ್ಪಿದರೆ, "ನಿನ್ನ ಮರಾಠಿ ಕೇಳಿದ್ರ ಭಾಜಿ ಮಾರಾಕಿ ಬುಟ್ಟಿ ಬಿಟ್ಟು ಓಡತಾಳ ನೋಡ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತವರು ಬಿಟ್ಟು ಬಂದ ನನಗೆ ಆ ಮನೆಯಲ್ಲಿ ನನ್ನವರು ಅಂತ ಇದ್ದದ್ದು ಅವಳೊಬ್ಬಳೇ.

ಒಂದು ಬೇಸಿಗೆಯಲ್ಲಿ ಅವಳಿಗೆ ವಿಷಮಜ್ವರ ಬಂತು. ವೈದ್ಯರ ಮಾತ್ರೆ, ಕಷಾಯ ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಭಾವ ಹಟ ಹಿಡಿದು ದವಾಖಾನೆಗೆ ಸೇರಿಸಿದರು. ಹಾಸಿಗೆಯ ಹತ್ತಿರ ಇರಲು ನನ್ನನ್ನು ಕಳಿಸಿದರು. ನಮ್ಮ ಮನೆಯಲ್ಲಿ ಹಣೆಗೆ ವಿಭೂತಿ ಧರಿಸಿ, ಒಂದು ಚಿಟಿಕೆ ನಾಲಿಗೆಗೂ ಇಟ್ಟುಕೊಳ್ಳದೆ ಯಾರೂ ಹನಿ ನೀರು ಮುಟ್ಟುತ್ತಿರಲಿಲ್ಲ. ಕಾಯಿಲೆ ಬಿದ್ದವಳಿಗೂ ಇದರಿಂದ ಬಿಡುವು ಇರಲಿಲ್ಲ. ಅತ್ತೆ ಅಕ್ಕಲಕೋಟದ ಮಠದಿಂದ ವಿಭೂತಿ ತರಿಸಿ, ದಿನಾ ಮುಂಜಾನೆ ಬಂದು ಅವಳ ಬಾಯಿ ತೆರೆಸಿ ಚಿಟಿಕೆ ಇಟ್ಟು ಹೋಗುತ್ತಿದ್ದರು. ಜ್ವರ ಇಳಿಯತೊಡಗಿತು. ಇನ್ನೇನು ಮನೆಗೆ ಕರೆದೊಯ್ಯಬಹುದು ಎನ್ನುವಷ್ಟರಲ್ಲಿ ಮತ್ತೆ ಏರಿತು. ಜೊತೆಗೆ ಅವಳ ನಾಲಿಗೆಯ ಮೇಲೆ, ಗಲ್ಲದ ಒಳಗೆ ಬಿಳುಪು ಹರಡಿತು.

"ಹೇ ಕಾಯ ಆಹೇ?" ಇದೇನಿದು ಎಂದು ನರ್ಸಬಾಯಿ ಹೌಹಾರಿದಳು. ರೋಗಿಯ ಬಾಯಿಗೆ ಬೂದಿ ಸುರಿಯುವುದನ್ನು ಇವತ್ತೇ ನಿಲ್ಲಿಸಿ ಎಂದು ಮರಾಠಿಯಲ್ಲಿ ಗದರಿದಳು. ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ನಿಲ್ಲಿಸಿದರು. ಬಿಳುಪು ಮಾತ್ರ ನಿಲ್ಲಲಿಲ್ಲ, ಇನ್ನೂ ಹೆಚ್ಚಿತು. ನಾವು ಕದ್ದು ಹಾಕುತ್ತಿದ್ದೇವೆಂದು ನರ್ಸಬಾಯಿಗೆ ಖಾತ್ರಿಯಾಯಿತು. ನನ್ನ ಸೆರಗಿನ ಗಂಟು ಬಿಚ್ಚಿಸಿ ನೋಡಿದಳು. ಏನೂ ಸಿಗದಿದ್ದರೂ ನನ್ನನ್ನು ಹೊರಗೆ ಹಾಕಿದಳು. ಊಟ ಮಾಡಿಸುವ ಹೊತ್ತಿಗೆ ಮಾತ್ರ ಒಳಗೆ ಬಿಡುವುದೆಂದು ಆಯಿತು.

ಮಿಲ್ಲಿನ ಭೋಂಗಾ ಕೂಗುವುದನ್ನು ಕೇಳುತ್ತ ವರಾಂಡದಲ್ಲಿ ಕೂತಿರುತ್ತಿದ್ದೆ. ಒಳಗೆ ಯಾರಾದರೂ ನರಳಿದರೆ ಅವಳೇ ಅನ್ನಿಸುತ್ತಿತ್ತು. ಯಾರೂ ನರಳದಿದ್ದರೆ ಅದಕ್ಕಿಂತ ಹೆಚ್ಚು ಹೆದರಿಕೆ. ಬಾಗಿಲು ಸರಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಇತ್ತ ಅತ್ತೆಗೆ ಬೇರೆಯೇ ಅರ್ಥ ಹೊಳೆದಿತ್ತು. "ನಾವು ಬಿಟ್ರೂ ಶಿವ ಬಿಟ್ಟಿಲ್ಲ. ತಾನ ವಿಭೂತಿ ಮೂಡ್ಯಾದ, ಬಂದು ನೋಡ್ರಿ" ಎಂದು ಓಣಿಯಲ್ಲೆಲ್ಲ ಹೇಳಿದರು. ಸುದ್ದಿಗೆ ಕಾಲು ಬಂತು. ಭೇಟಿಯ ಹೊತ್ತಿಗೆ ನರ್ಸಬಾಯಿಯ ಕಣ್ಣು ತಪ್ಪಿಸಿ ಹೆಂಗಸರು ತೆಂಗಿನಕಾಯಿ ಹಿಡಿದುಕೊಂಡು ಬರತೊಡಗಿದರು. ಅಕ್ಕನ ಬಾಯಿ ತೆರೆಸಿ ನೋಡುವುದು, ಕಾಲಿಗೆ ಬೀಳುವುದು. ಒಬ್ಬಳಂತೂ ಅವಳ ನಾಲಿಗೆಯನ್ನು ಬೆರಳಿನಿಂದ ಸವರಿ ತನ್ನ ಹಣೆಗೆ ಹಚ್ಚಿಕೊಂಡಳು.

ಮಧ್ಯಾಹ್ನ ನಾನು ಗಂಜಿ ಕುಡಿಸಲು ಹೋದಾಗ ಅಕ್ಕ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ನುಂಗಲಾರದೆ ಚೆಲ್ಲಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ತಂಗೀ, ಕೆಂಡ ಇಟ್ಟಂಗ ಆಗಾಕತ್ತದ. ದೇವರ ವಿಭೂತಿ ಹಿಂಗ ಉರಿತದೇನ?"

ಸಂಜೆ ಅತ್ತೆಯ ಮುಂದೆ ಮೆಲ್ಲಗೆ, "ಅಕ್ಕಾಗ ಭಾಳ ತ್ರಾಸ ಆಗಾಕತ್ತದರಿ ಅತ್ತೀ" ಎಂದೆ. "ನೀ ಸುಮ್ನಿರು. ಸಂಶಯ ಇದ್ದಲ್ಲಿ ಶಿವ ನಿಲ್ಲಂಗಿಲ್ಲ" ಎಂದರು. ಅವರು ಕೆಟ್ಟವರಲ್ಲ. ಸೊಸೆ ಉಳಿಯಲೆಂದು ಒಪ್ಪೊತ್ತು ಉಂಡು ಬರೀ ನೆಲದ ಮೇಲೆ ಮಲಗುತ್ತಿದ್ದವರು. ಅವರ ಆ ನಂಬಿಕೆ ಕಂಡೇ ನನಗೆ ಇನ್ನಷ್ಟು ಭಯವಾಗುತ್ತಿತ್ತು.

ಮರುದಿನ ದೊಡ್ಡ ಡಾಕ್ಟರು ವರಾಂಡದಲ್ಲಿ ಹಾಯ್ದು ಹೋಗುವಾಗ ನಾನು ಎದ್ದು ಅಡ್ಡ ನಿಂತೆ. ಅಕ್ಕ ಕಲಿಸಿದ ಮರಾಠಿಯಲ್ಲಿ, ಅದು ಬೂದಿಯಲ್ಲ, ನಾವು ಹಾಕುವುದು ಬಿಟ್ಟು ಎಷ್ಟೋ ದಿನವಾಯಿತು, ಒರೆಸಿ ನೋಡಿ ಎಂದು ತೊದಲಿದೆ. ಅವರು ವಿಜಾಪುರದ ಕಡೆಯವರಂತೆ. ನನ್ನ ಮರಾಠಿ ಕೇಳಿ ಕನ್ನಡದಲ್ಲೇ, "ಬರ್ರಿ, ನೋಡೂಣು" ಎಂದರು.

ಹತ್ತಿಯಿಂದ ಒರೆಸಿದರು. ಬಿಳಿಯದು ಚಕ್ಕೆ ಚಕ್ಕೆಯಾಗಿ ಎದ್ದಿತು, ಅಡಿಯಲ್ಲಿ ಹಸಿ ಮಾಂಸ ಕೆಂಪಗೆ ಕಂಡು ರಕ್ತ ಜಿನುಗಿತು.

"ಇದು ಬುರಶಿರಿ, ಬೂಷ್ಟು. ಹಳಸಿದ ರೊಟ್ಟಿ ಮ್ಯಾಲ ಹಿಡಿತದಲ್ಲ, ಆ ಜಾತೀದು. ಜ್ವರದಾಗ ಸೊರಗಿ ಮಲಗಿದವರ ಬಾಯಾಗ ಹಿಡಿತದ."

ನರ್ಸಬಾಯಿ ತಲೆ ತಗ್ಗಿಸಿದಳು. ಆಗಷ್ಟೇ ಒಳಗೆ ಬಂದಿದ್ದ ಅತ್ತೆ ಮಂಚದ ಸರಳು ಹಿಡಿದು ಹಾಗೇ ಕುಸಿದು ಕೂತರು.

ಅವತ್ತಿನಿಂದ ನೇರಳೆ ಔಷಧ ಶುರುವಾಯಿತು. ನನ್ನನ್ನು ಮತ್ತೆ ಒಳಗೆ ಬಿಟ್ಟರು. ದಿನ ಕಳೆದಂತೆ ಬಾಯಿ ತಿಳಿಯಾಯಿತು, ನೀರು ಇಳಿಯತೊಡಗಿತು. "ಎಲಿ ಹಾಕ್ಕೊಳ್ಳದನ ತುಟಿಗಿ ಬಣ್ಣ ಬಂತ ನೋಡ" ಎಂದು ಅಕ್ಕ ಒಮ್ಮೆ ನಕ್ಕಳು ಕೂಡ. ನಾನು ಆ ನಗುವಿಗೆ ಜೋತುಬಿದ್ದೆ. ಆದರೆ ಸಂಜೆಯಾದರೆ ಸಾಕು, ಚಳಿ ಹತ್ತಿ ಮಂಚ ಅಲುಗುವಂತೆ ನಡುಗುತ್ತಿದ್ದಳು. ಎಷ್ಟು ಕೌದಿ ಹೊದಿಸಿದರೂ ನಿಲ್ಲುತ್ತಿರಲಿಲ್ಲ. ಬಾಯಿ ಗುಣವಾಗಿದೆ, ಜ್ವರವೇಕೆ ಇಳಿಯುತ್ತಿಲ್ಲ ಎಂದು ಭಾವ ಕೇಳಿದರು.

"ಬಾಯಾಗಿಂದು ಕಣ್ಣಿಗೆ ಕಾಣತಿತ್ತು, ಹಚ್ಚಿದಿವಿ" ಎಂದರು ಡಾಕ್ಟರು. "ಅದು ರಕ್ತಕ್ಕ ಇಳದದ ಅಂತ ನನಗ ಸಂಶಯ. ಅಲ್ಲಿ ಹೆಂಗ ಹಚ್ಚೂದ್ರಿ?"

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ... ಅವಳ ಬಿಸಿ ಕೈ ನೆನಪಿದೆ. ಹಿಡಿದುಕೊಂಡೇ ಇದ್ದೆ, ಹಿಡಿದಂತೆಯೇ ತಣ್ಣಗಾಯಿತು.

ಈಗ ರಕ್ತಕ್ಕೆ ಇಳಿದರೂ ಔಷಧವಿದೆಯಂತೆ. ದವಾಖಾನೆಯಲ್ಲಿ ಬಹಳ ದಿನ ಮಲಗಿದವರಿಗೆ ಈಗಲೂ ಹಾಗಾಗುವುದುಂಟು, ಎಲ್ಲರೂ ಉಳಿಯುವುದಿಲ್ಲ ಎಂದು ಕೂಸಿನ ಡಾಕ್ಟರು ಹೇಳಿದರು. ಔಷಧವಿದೆ ಎಂದು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಮನಸ್ಸು ತಡೆಯದೆ ನಿನ್ನೆ ಮೊಮ್ಮಗನನ್ನು ಕರೆದುಕೊಂಡು ಸೊಲ್ಲಾಪುರದ ಆ ಹಳೆಯ ಓಣಿಗೆ ಹೋಗಿ ಬಂದೆ. ನಮ್ಮ ಮನೆ ಯಾವತ್ತೋ ಬೇರೆಯವರ ಪಾಲಾಗಿದೆ. ಹೊರಗಿನ ಗೂಡಿನಲ್ಲಿ ಆ ಮನೆಯ ಸಣ್ಣ ಸೊಸೆ ದೀಪ ಹಚ್ಚುತ್ತಿದ್ದಳು. ಯಾರಿಗವ್ವಾ ಈ ದೀಪ ಎಂದು ಕೇಳಿದೆ.

"ಹಿಂದಕ ಈ ಮನ್ಯಾಗ ಒಬ್ಬಾಕಿ ಪುಣ್ಯವಂತಿ ಇದ್ಲಂತರಿ ಅಜ್ಜೀ. ಬಾಯಾಗ ತಾನ ವಿಭೂತಿ ಮೂಡಿತ್ತಂತ. ಜರಾನೂ ನೋವಿಲ್ಲದ ಶಿವನ ಪಾದ ಸೇರಿದ್ಲಂತ."

"ಇಲ್ಲವ್ವಾ" ಎಂದೆ. "ಭಾಳ ನೋವು ತಿಂದ್ಲು. ಗುಟುಕು ನೀರು ಇಳೀದ ಅಳತಿದ್ಲು."

ಹುಡುಗಿ ಎಣ್ಣೆ ಬಿಡುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. "ನಿಮಗ ಹೆಂಗ ಗೊತ್ತರಿ?"

"ಆಕಿ ನಮ್ಮಕ್ಕ" ಎಂದೆ.