ಓಟು ಕಮಲಾಪುರದಲ್ಲೇ ಉಳಿದಿತ್ತು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ವಿಧಾನಸಭೆಯ ಚುನಾವಣೆಯೋ ಲೋಕಸಭೆಯದೋ, ನನಗೆ ಖಾತ್ರಿಯಿಲ್ಲ. ಬಿಸಿಲು ನೆನಪಿದೆ, ಆದರೆ ಕಲಬುರಗಿಯಲ್ಲಿ ಬಿಸಿಲನ್ನು ನಂಬಿ ವರ್ಷ ಹೇಳಲಾಗದು.

ನಮ್ಮ ಚರ್ಚಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಎಲ್ಲರಿಗೂ ಅವರು ಟೀಚರಮ್ಮ. ಭಾನುವಾರದ ಆರಾಧನೆ ಮುಗಿದ ಮೇಲೆ ಮತದಾರರ ಪಟ್ಟಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಹದಿನೆಂಟು ತುಂಬಿದವರ ಅರ್ಜಿ, ನಳದ ನೀರಿನ ದೂರು, ಬೀದಿದೀಪದ ದೂರು ಎಲ್ಲವನ್ನೂ ಅಲ್ಲೇ ಬರೆದುಕೊಡುತ್ತಿದ್ದರು. ಯಾರಿಗೆ ಓಟು ಹಾಕಬೇಕೆಂದು ಮಾತ್ರ ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ಅಪ್ಪ ತೀರಿದ ಮೇಲೆ ಅಮ್ಮ ಒಂದು ಗಂಟೆ ದಾರಿಯ ಕಮಲಾಪುರ ಬಿಟ್ಟು ಕಲಬುರಗಿಯ ಗಾಜಿಪುರದಲ್ಲಿದ್ದ ನನ್ನ ಮನೆಗೆ ಬಂದಳು. ಕಮಲಾಪುರದ ಪಾದ್ರಿಯಿಂದ ಸದಸ್ಯತ್ವದ ವರ್ಗಾವಣೆ ಪತ್ರ ತಂದು ನಮ್ಮ ಚರ್ಚಿಗೆ ಕೊಟ್ಟಳು. ಅದರ ಜೊತೆ ಓಟೂ ವರ್ಗವಾಯಿತೆಂದು ತಿಳಿದಳು. ಎಂ.ಎ. ಓದಿದ ನಾನೂ ವಿಚಾರಿಸಲಿಲ್ಲ. ಇಷ್ಟು ವರ್ಷ ಅಪ್ಪ ಹೇಳಿದ ಗುರುತಿಗೇ ಓಟು ಹಾಕಿದವಳು, ಈ ಸಲ ಮೊದಲ ಬಾರಿ ತಾನೇ ಯೋಚಿಸಿ ಹಾಕುವವಳಿದ್ದಳು.

ಮತದಾನದ ದಿನ ಮಧ್ಯಾಹ್ನ ಮೂರರ ಮೇಲೆ ಮತಗಟ್ಟೆಗೆ ಹೋದರೆ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಅವಳು ವರ್ಗಾವಣೆ ಪತ್ರದ ನಕಲು ತೋರಿಸಿದಾಗ ಮತಗಟ್ಟೆಯವರು ನಗು ತಡೆದುಕೊಂಡರು. ನಾನು ಟೀಚರಮ್ಮನಿಗೆ ಫೋನ್ ಮಾಡಿದೆ. ತಮ್ಮ ಸರದಿ ಕೊನೆಗೆಂದು ಬೆಳಗಿನಿಂದ ವಯಸ್ಸಾದವರನ್ನು ಆಟೊದಲ್ಲಿ ಕರೆತರುತ್ತಿದ್ದವರು ಬಂದು, ಮೊಬೈಲಿನಲ್ಲಿ ಹುಡುಕಿದರು.

“ಪಾದ್ರಿ ಚೀಟಿಗಿ ಸ್ವರ್ಗದ ಬಾಗಿಲ ತೆಗಿಬಹುದವ್ವಾ, ಬೂತಿಂದು ತೆಗಿಯಂಗಿಲ್ಲ. ನಿನ್ನ ಹೆಸರು ಕಮಲಾಪುರದಾಗೇ ಅದ. ನಡಿ.”

ಒಂದು ಓಟಿಗೆ ಇಷ್ಟು ದೂರ ಯಾಕೆ ಎಂದಳು ಅಮ್ಮ. ಟೀಚರಮ್ಮ ಆಗಲೇ ಟೆಂಪೊ ಹತ್ತಿದ್ದರು.

ದಾರಿಯಲ್ಲಿ ಮಹಾಗಾಂವದ ಹತ್ತಿರ ಟೆಂಪೊ ಜನ ತುಂಬಿಸಲು ನಿಂತೇಬಿಟ್ಟಿತು. ನನ್ನ ಕಣ್ಣು ಗಡಿಯಾರದ ಮೇಲೆ. ಟೀಚರಮ್ಮ ಡ್ರೈವರನಿಗೆ, ನಿನ್ನ ಓಟಾದರೂ ಆಗಿದೆಯೇನಪ್ಪ ಎಂದು ಕೇಳಿದರು. ಆಗಿರಲಿಲ್ಲ. ಅವನೂ ಕಮಲಾಪುರದವನೇ. ಆಮೇಲೆ ಟೆಂಪೊ ಎಲ್ಲೂ ನಿಲ್ಲಲಿಲ್ಲ.

ಕಮಲಾಪುರದಲ್ಲಿ ಮತಗಟ್ಟೆಯಿದ್ದ ಶಾಲೆಯ ಗೇಟು ಇನ್ನೂ ತೆರೆದಿತ್ತು. ಪಟ್ಟಿಯಲ್ಲಿ ಅಮ್ಮನ ಹೆಸರೂ ಇತ್ತು. ಒಳಗಿನಿಂದ ಮತಯಂತ್ರದ ಉದ್ದನೆಯ ಸದ್ದು ಕೇಳಿತು. ಹೊರಬಂದ ಅಮ್ಮ ಬೇವಿನ ನೆರಳಲ್ಲಿ ಕುಳಿತು ನೀರು ಕೇಳಿದಳು.

“ಈ ಸಲ ನಾನೇ ನೋಡಿ ಒತ್ತೀನಿ,” ಎಂದಳು.

ನಾವು ಕಲಬುರಗಿಗೆ ಮರಳುವಷ್ಟರಲ್ಲಿ ಮತದಾನ ಮುಗಿದಿತ್ತು.

ಹೋದ ತಿಂಗಳು ಟೀಚರಮ್ಮ ತೀರಿಕೊಂಡರು. ಆಕೆ ಒಂದು ಓಟನ್ನೂ ತಪ್ಪಿಸಿದವರಲ್ಲ ಎಂದು ಅಂತ್ಯಕ್ರಿಯೆಯಲ್ಲಿ ನಮ್ಮ ಪಾದ್ರಿ ಹೇಳಿದರು. ಮನೆಗೆ ಬಂದು ಅಮ್ಮನನ್ನು ಒಂದು ಮಾತು ಕೇಳಿದೆ.

“ಅವತ್ತ ಅವರು ತಮ್ಮ ಓಟು ಯಾವಾಗ ಹಾಕಿದ್ರವ್ವಾ?”