ಅಂಟಿಲ್ಲದ ಪುಸ್ತಕ

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಕೈಯಿಂದ ಪುಸ್ತಕ ಮಾಡುತ್ತಿದ್ದೆ. ಬರೆಯುವುದು, ಅಂಚಿಗೆ ಬಳ್ಳಿ ಬಿಡಿಸುವುದು, ಹೊಲಿಯುವುದು, ರಟ್ಟು ಕಟ್ಟುವುದು, ಎಲ್ಲವೂ ನನ್ನದೇ. ಒಂದು ಪುಸ್ತಕಕ್ಕೆ ಒಂದೇ ಪ್ರತಿ. ಅಚ್ಚಿನ ಮನೆಯವರು ತಪ್ಪು ಮಾಡಿದರೆ ಅದು ಊರೂರಿಗೆ ಹೋಗುತ್ತದೆ. ನನ್ನ ತಪ್ಪು ಒಂದೇ ಮನೆಯಲ್ಲಿ ಉಳಿಯುತ್ತದೆ. ಇದು ನನ್ನ ಕಲೆಯ ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿದ್ದೆ. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅಪ್ಪ “ಕೂತಿರ್ತಾನ” ಎನ್ನುತ್ತಿದ್ದರು.

ನನ್ನ ಇನ್ನೊಂದು ವಿದ್ಯೆ ಅಣಕ. ಮಠದ ಆಚಾರ್ಯರು ಮೂಗಿನಿಂದ ಹೇಳುವ ಸಂಕಲ್ಪ, ಖಾರದ ಅಂಗಡಿಯವನು ತಕ್ಕಡಿಯ ಬದಲು ಗಿರಾಕಿಯ ಮುಖ ನೋಡಿ ತೂಗುವ ರೀತಿ, ಅಪ್ಪ ನಶ್ಯ ಏರಿಸಿ ಸೀನು ಬಾರದೆ ನಿಂತಿರುವ ಗಳಿಗೆ, ಎಲ್ಲವನ್ನೂ ಮಾಡುತ್ತಿದ್ದೆ. ಸೂಜಿಗೆ ದಾರ ಪೋಣಿಸುವಾಗ ನನ್ನ ನಾಲಿಗೆ ಹೊರಗೆ ಬರುತ್ತದೆಂದು ಅಕ್ಕ ಹೇಳಿದ ಮೇಲೆ, ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಅದನ್ನೂ ಕಲಿತೆ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಅತ್ಯಾನ ಅಣಕ. ಅತ್ಯಾ ಅಂದರೆ ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಕೆಂಪು ಸೀರೆ, ಕಟ್ಟಾ ಮಡಿ. ನಸುಕಿನಲ್ಲಿ ಸ್ನಾನ ಮಾಡಿ ದೇವರ ಮನೆಯಲ್ಲಿ ಕೂತು ಒಂದಾದ ಮೇಲೊಂದು ಹಾಡು ಹೇಳುತ್ತಿದ್ದಳು. ಅವಳ ತಾಯಿಯಿಂದ ಬಾಯಿಗೆ ಬಾಯಿ ಬಂದ ಹಾಡುಗಳು, ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅವಳು ದನಿ ಏರಿಸುವಾಗ ಹುಬ್ಬು ಏರುತ್ತಿತ್ತು, ನುಡಿ ಮುಗಿದಾಗ ಒಂದು ಕೆಮ್ಮು. ನಾನು ಹುಬ್ಬು, ಕೆಮ್ಮು ಸಮೇತ ಹಾಡಿ ತೋರಿಸಿದರೆ ಅವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಎದ್ದ ಮೇಲೆ ಹಾಡಿನ ನಡುವಿನ ನುಡಿಗಳು ತಪ್ಪಿಹೋಗತೊಡಗಿದವು. ಮೊದಲು ಒಂದು ನುಡಿ, ಆಮೇಲೆ ಅರ್ಧ ಹಾಡು. ದೇವರಿಗೆ ಹರಕು ಹಾಡು ಒಪ್ಪಿಸಬಾರದೆಂದು ಕಡೆಗೆ ಹಾಡುವುದನ್ನೇ ಬಿಟ್ಟಳು. ದೀಪ ಹಚ್ಚಿ ಸುಮ್ಮನೆ ಕೂತು ಎದ್ದು ಬರುತ್ತಿದ್ದಳು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಅಣಕ ನಿಲ್ಲಿಸಿದೆ.

ಅದನ್ನು ಅವಳೇ ಕೇಳಿದಳು. “ಯಾಕೋ, ನನ್ನ ಹಂಗ ಹಾಡೂದು ಬಿಟ್ಟ್ಯಲ್ಲ. ನಿನಗ ಪೂರಾ ಬರ್ತಾವೇನು?”

ಬರುತ್ತವೆ ಎಂದೆ.

“ಹಂಗಾರ ಬರದು ಕೊಡು. ದೊಡ್ಡ ಅಕ್ಷರದಾಗ. ದೇವರ ಮುಂದ ಕೂತು ಓದಿ ಹಾಡ್ತೇನಿ.”

ಅವಳಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಕಾಗದಕ್ಕಾಗಿ ನಾನು ಹಾನಗಲ್ಲಿಗೆ ಹೋದೆ. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ದಿಣ್ಣೆ ಬಂದಲ್ಲೆಲ್ಲ ನಿಲ್ಲುತ್ತಿತ್ತು, ಎಲ್ಲರೂ ಇಳಿದು ನೂಕಬೇಕಿತ್ತು. ಬರುವಾಗ ತಲೆಯ ಮೇಲೆ ಕಾಗದದ ಕಟ್ಟು ಇದ್ದುದರಿಂದ ನಾನು ನೂಕುವವರಿಗೆ ಬುದ್ಧಿ ಹೇಳಿದೆ.

ಬರೆಯಲು ಕೂತಾಗ ತೊಡಕೊಂದು ಕಂಡಿತು. ನನ್ನ ದನಿಯಲ್ಲಿ ನನಗೆ ಒಂದು ಹಾಡೂ ನೆನಪಾಗಲಿಲ್ಲ. ಅತ್ಯಾನ ದನಿಯಲ್ಲಿ ಹುಬ್ಬೇರಿಸಿ ಹಾಡಿದರೆ ಮಾತ್ರ ಸಾಲು ಬರುತ್ತಿತ್ತು. ಕೆಮ್ಮಿದರೆ ಮುಂದಿನ ನುಡಿ. ಹಾಗೆ ಹಾಡುತ್ತ ಬರೆಯುತ್ತಿದ್ದಾಗ ಅತ್ಯಾನೇ ಮತ್ತೆ ಹಾಡುತ್ತಿದ್ದಾಳೆಂದುಕೊಂಡು ಅವ್ವ ಅಡುಗೆ ಮನೆಯಿಂದ ಓಡಿ ಬಂದಳು. ನನ್ನನ್ನು ನೋಡಿ ಮತ್ತೆ ಒಳಗೆ ಹೋದಳು.

ಪುಸ್ತಕ ಚೆನ್ನಾಗಿಯೇ ಆಯಿತು. ಅಂಚಿನಲ್ಲಿ ವೀಳ್ಯದೆಲೆಯ ಬಳ್ಳಿ, ಹಸಿರು ಬಟ್ಟೆಯ ರಟ್ಟು. ಅತ್ಯಾ ಮಧ್ಯಾಹ್ನ ಮಡಿ ಬಿಟ್ಟು ಕೂತಾಗ ಕೈಗಿಟ್ಟೆ. ಅವಳು ರಟ್ಟನ್ನು ಸವರಿ, ಇದು ಇಷ್ಟು ಗಟ್ಟಿಯಾಗಿ ಹೇಗೆ ಹಿಡಿದುಕೊಂಡಿದೆ ಎಂದು ಕೇಳಿದಳು. ನನ್ನ ಕೆಲಸದ ಬಗ್ಗೆ ಯಾರೂ ಕೇಳಿದ್ದೇ ಇಲ್ಲ. ನಾನು ಮೊದಲಿನಿಂದ ಹೇಳಿದೆ: ಮೈದಾ ಹಿಟ್ಟು ಜರಡಿ ಹಿಡಿಯಬೇಕು, ಗಂಟಾಗದಂತೆ ಕಲಸಬೇಕು, ಹುಳ ಬೀಳದ ಹಾಗೆ ಮೈಲುತುತ್ತ ಹಾಕಬೇಕು, ಸಣ್ಣ ಉರಿಯ ಮೇಲೆ ಚೆನ್ನಾಗಿ ಕುದಿಸಿ...

“ಕುದಸಬೇಕು?” ಎಂದಳು ಅತ್ಯಾ.

ಪುಸ್ತಕವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಬೇಯಿಸಿದ ಹಿಟ್ಟೆಂದರೆ ಮುಸುರೆ, ಅನ್ನ ಇದ್ದ ಹಾಗೆ. ಮಡಿಯಲ್ಲಿ ಅದನ್ನು ಮುಟ್ಟುವಂತಿಲ್ಲ, ದೇವರ ಮನೆಗೆ ಒಯ್ಯುವಂತಿಲ್ಲ. ಹುಟ್ಟಿದಂದಿನಿಂದ ಈ ಮನೆಯಲ್ಲಿ ಬೆಳೆದ ನನಗೆ ಇದು ಗೊತ್ತಿತ್ತು. ಪುಸ್ತಕಕ್ಕೂ ಅನ್ನಕ್ಕೂ ಸಂಬಂಧವಿದೆಯೆಂಬುದು ಮಾತ್ರ ಹೊಳೆದಿರಲಿಲ್ಲ. ನನ್ನ ಪುಸ್ತಕಗಳಿಗೂ ಅನ್ನಕ್ಕೂ ಸಂಬಂಧವಿಲ್ಲವೆಂಬುದೇ ಅಪ್ಪನ ಅಭಿಪ್ರಾಯವೂ ಆಗಿತ್ತು.

ಬಾಗಿಲ ಹೊರಗೆ ನಾನೇ ಕೂತು ಓದುತ್ತೇನೆ, ಕೇಳಿಸಿಕೊಂಡು ಹಾಡು ಎಂದೆ. ಅತ್ಯಾ ಒಪ್ಪಲಿಲ್ಲ. “ನಿನ್ನ ಬಾಯಾಗೂ ನನ್ನ ದನೀನ ಬರ್ತದ. ಯಾರ ಸೇವಾ ತಗೋಬೇಕಂತ ದೇವರಿಗೆ ಗೊಂದಲ ಆಗ್ತದ.”

ಅಂಟಿದ್ದರೂ ನಡೆಯುತ್ತದೆಯೇ ಎಂದು ಕೇಳಲು ಪುಸ್ತಕ ಹಿಡಿದು ಮಠಕ್ಕೆ ಹೋದೆ. ಆಚಾರ್ಯರು ನನ್ನನ್ನು ಕಂಡೊಡನೆ, “ಏನಪಾ, ಈವತ್ತ ನಾನು ಹೆಂಗ ಮಾತಾಡಬೇಕು?” ಎಂದು ಕೇಳಿದರು. ನನ್ನ ಅಣಕ ಮಠದವರೆಗೂ ಮುಟ್ಟಿದೆಯೆಂದು ಆಗಲೇ ತಿಳಿದದ್ದು. ಪುಸ್ತಕವನ್ನು ಮುಟ್ಟದೆ, ನನ್ನಿಂದಲೇ ಹಾಳೆ ತಿರುವಿಸಿ ನೋಡಿದರು. ಬಳ್ಳಿ ಛಲೋ ಇದೆ ಎಂದರು. ಆಮೇಲೆ ತೀರ್ಪು: “ರೇಷ್ಮಿ ನಡೀತದ, ಕಟಗಿ ನಡೀತದ. ಕುದಿಸಿದ್ದು ಒಣಗಿದರೂ ಕುದಿಸಿದ್ದೇ.”

ಹಳೆಯ ಪೋಥಿಗಳ ಹಾಗೆ ಬಿಡಿ ಹಾಳೆಗಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಡಬಹುದಿತ್ತು. ಆದರೆ ಜ್ವರದ ನಂತರ ಅತ್ಯಾನ ಬೆರಳು ನಡುಗುತ್ತಿದ್ದವು. ಹಾಳೆ ಚೆದುರಿದರೆ ಹಾಡುಗಳು ಮತ್ತೊಮ್ಮೆ ತಪ್ಪುತ್ತಿದ್ದವು. ಹೊಲಿಯಲೇಬೇಕು, ಅಂಟಿಸಬಾರದು.

ಮತ್ತೆ ಎಲ್ಲವನ್ನೂ ಬರೆದೆ. ಅಜ್ಜನ ಹರಿದ ಪೀತಾಂಬರದಿಂದ ಎಳೆ ತೆಗೆದು ಹೊಸೆದೆ. ರಟ್ಟಿನ ಬದಲಿಗೆ ಶಿಗ್ಗಾಂವಿಯ ಬಡಿಗನೊಬ್ಬ ಸಾಗವಾನಿಯನ್ನು ತೆಳ್ಳಗೆ ಹೆರೆದು, ಅಂಚಿಗೆ ತೂತು ಕೊರೆದು ಕೊಟ್ಟ. ಇದು ಏನಕ್ಕೆಂದು ಕೇಳಿದ, ಪುಸ್ತಕಕ್ಕೆ ಎಂದೆ. “ಪುಸ್ತಕಕ್ಕೂ ಬಾಗಲಾ ಕೂಡಿಸಾಕತ್ತೀರೇನ್ರಿ?” ಎಂದ. ಮೊದಲ ಹೊಲಿಗೆ ಸಡಿಲಾಗಿ ಹಾಳೆಗಳು ಜೋತುಬಿದ್ದವು. ಬಿಗಿ ಮಾಡಿದರೆ ಪುಸ್ತಕ ತೆರೆಯಲೊಲ್ಲದು. ಬಿಚ್ಚಿದೆ, ಹೊಲಿದೆ, ಬಿಚ್ಚಿದೆ. ಒಂದು ಸಂಜೆ, ದಾರವನ್ನು ಹಲಗೆಯ ತೂತಿನಲ್ಲಿ ಹಾಯಿಸಿ, ಹಿಂದಿನ ಹೊಲಿಗೆಯ ಕೆಳಗೆ ಒಮ್ಮೆ ಸುತ್ತಿ ತಂದಾಗ ಪುಸ್ತಕದ ಬೆನ್ನು ಗಟ್ಟಿಯಾಗಿ ನಿಂತಿತು. ತೆರೆದರೆ ನೆಲದ ಮೇಲೆ ಚಪ್ಪಟೆಯಾಗಿ ಮಲಗುತ್ತಿತ್ತು, ಒತ್ತಿ ಹಿಡಿಯಬೇಕಾಗಿರಲಿಲ್ಲ. ಅಂಟಿನ ಪುಸ್ತಕ ಯಾವುದೂ ಹಾಗೆ ಮಲಗಿರಲಿಲ್ಲ. ನಾನು ಅದನ್ನು ತೆರೆದು ಮುಚ್ಚಿ, ಮುಚ್ಚಿ ತೆರೆದು ನೋಡಿದೆ. ಇದು ನನ್ನದೇ ಶೋಧವೆಂದು, ಮುಂದೆ ಪುಸ್ತಕ ಮಾಡಿಸಿಕೊಳ್ಳಲು ಹಿರೇಕೆರೂರಿನಿಂದ ಬಂದ ಗಿರಾಕಿಗಳಿಗೆ ಬಹಳ ಹೇಳಿದ್ದೇನೆ. ಮುಸುರೆಯ ಸುದ್ದಿ ಅವರಿಗೆ ಹೇಳಲಿಲ್ಲ.

ಮರುದಿನ ನಸುಕಿನಲ್ಲಿ ಅತ್ಯಾ ಪುಸ್ತಕವನ್ನು ಒಳಗೆ ಒಯ್ದಳು. ನಾವೆಲ್ಲ ಬಾಗಿಲ ಹೊರಗೆ ನಮಗೇನೋ ಕೆಲಸವಿದ್ದ ಹಾಗೆ ನಿಂತಿದ್ದೆವು. ಅಪ್ಪ ಏರಿಸದ ನಶ್ಯವನ್ನು ಬೆರಳಲ್ಲೇ ಹಿಡಿದಿದ್ದರು. ಮೊದಲ ಹಾಡು ಪೂರ್ತಿ ಬಂತು. ಎರಡನೆಯದರ ನಡುವೆ ದನಿ ನಿಂತಿತು. ಅವ್ವ ನನ್ನ ಮುಖ ನೋಡಿದಳು.

“ಇದೇನು ಅಕ್ಷರನೋ, ಬಳ್ಳಿನೋ?” ಎಂದು ಒಳಗಿನಿಂದ ಕೇಳಿಸಿತು.

ಚೆಂದ ಕಾಣಲೆಂದು ನಾನು ಒಂದು ಅಕ್ಷರದ ಬಾಲವನ್ನು ಅಂಚಿನ ಬಳ್ಳಿಗೆ ಸೇರಿಸಿದ್ದೆ. “ಇತ್ತ ಕೊಡು ಅತ್ಯಾ, ತಿದ್ದತೇನಿ,” ಎಂದು ಕೈ ಚಾಚಿದೆ.

“ಮುಟ್ಟಬ್ಯಾಡ. ಪುಸ್ತಕ ಮಡ್ಯಾಗ ಅದ. ನೀ ಇಲ್ಲ.”

ನಾನು ಬರೆದು, ನಾನು ಹೊಲಿದ ಪುಸ್ತಕ. ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ದೇವರ ಮನೆಗೆ ಬಂದೆ. ಹಾಳೆಯ ಮೇಲೆ ನೀರು ಬೀಳದಂತೆ ಕತ್ತು ಹಿಂದಕ್ಕೆ ಚಾಚಿ, ಕೈಯೊಂದನ್ನೇ ಮುಂದೆ ಮಾಡಿ, ಬಳ್ಳಿಯ ಪಕ್ಕದಲ್ಲಿ ಆ ಅಕ್ಷರವನ್ನು ಸಾದಾ ಬರೆದೆ. ಅತ್ಯಾ ಮಸಿ ಆರುವ ತನಕ ಕಾದಳು. ಆಮೇಲೆ ಆ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ನಡುವೆ ಎದ್ದು ಹೋಗುವಂತಿರಲಿಲ್ಲ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ನನ್ನ ತುಟಿ ಅವಳ ಜೊತೆಗೇ ಆಡುತ್ತಿದ್ದವು. ದನಿ ಹೊರಡಿಸದೆ, ಅವಳು ಮುಗಿಸುವ ತನಕ ಕೂತಿದ್ದೆ.