ಕಷಾಯಕ್ಕೂ ಕಾಫಿಗೂ ಹೋದ ನೇರಳೆ ಬಣ್ಣ

2004ರ ಮಾರ್ಚ್ 9, ಮಂಗಳವಾರ, ಬೆಳಗ್ಗೆ ಹತ್ತೂ ಇಪ್ಪತ್ತು. ಕಾಲೇಜಿನ ಲ್ಯಾಬಿನಲ್ಲಿ ನನ್ನ ಬ್ಯಾಗಿನಿಂದ ಒಂದು ಉಪ್ಪಿನಕಾಯಿ ಬಾಟಲಿ ಹೊರಬಂತು. ಒಳಗಿದ್ದದ್ದು ಸರೋಜತ್ತೆಯ ಕಷಾಯ. (ದಿನಾಂಕ, ಗಂಟೆ ಹಾಕದೆ ನನಗೆ ಬರೆಯಲು ಬರುವುದಿಲ್ಲವೆಂದು ನನ್ನ ಅಂಕಣ ಓದುತ್ತ ಬಂದಿರುವ ನಿಮಗೆ ಗೊತ್ತೇ ಇದೆ.)

ಸರೋಜತ್ತೆ ಅಪ್ಪನ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ರಿಟೈರ್ ಆದವರು. ಬಸವನಗುಡಿಯಲ್ಲಿ ಮನೆ. ಹೊಟ್ಟೆಯಲ್ಲಿ ಕ್ಯಾನ್ಸರ್. ಜನವರಿಯಲ್ಲಿ ಡಾಕ್ಟರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದರು.

ಆಗ ಶುರುವಾಯಿತು ಕಷಾಯ. ಅತ್ತೆಯ ಗಂಡ, ಅಂದರೆ ಮಾವ, ಯಾರೋ ನಾಟಿ ವೈದ್ಯರು ಕೊಟ್ಟ ಎಲೆ ತಂದು ಮೂರು ಹೊತ್ತೂ ಕುದಿಸತೊಡಗಿದರು. ಜೊತೆಗೆ ಪಥ್ಯ. ಹುಳಿ ಇಲ್ಲ, ಕಾಫಿ ಇಲ್ಲ. ನೈಟ್ ಶಿಫ್ಟುಗಳನ್ನೆಲ್ಲ ಕಾಫಿಯಲ್ಲೇ ದಾಟಿದ ಹೆಂಗಸಿಗೆ ಕಾಫಿ ಇಲ್ಲ. ಅತ್ತೆಗೆ ಆಸೆಯಾಗಬಾರದೆಂದು ಮಾವನೂ ಬಿಟ್ಟರು. ಫಿಲ್ಟರು ಅಟ್ಟ ಸೇರಿತು.

ಸರಿ, ಕಷಾಯಕ್ಕೆ ಲ್ಯಾಬಿನಲ್ಲೇನು ಕೆಲಸ?

ಫ್ರೀ ರ್‍ಯಾಡಿಕಲ್‌ಗಳೇ ರೋಗದ ಮೂಲ ಅಂತ ಮಾವ ಯಾವುದೋ ಪುರವಣಿಯಲ್ಲಿ ಓದಿದ್ದರು. ನನ್ನ ಎಂಎಸ್ಸಿ ಪ್ರಾಜೆಕ್ಟು ರ್‍ಯಾಡಿಕಲ್‌ಗಳ ಮೇಲೆಯೇ. ಅಣುವಿನಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂದು ಒಂಟಿಯಾಗಿ ಉಳಿದರೆ ಅದು ರ್‍ಯಾಡಿಕಲ್. ಬಹುಪಾಲು ರ್‍ಯಾಡಿಕಲ್‌ಗಳು ಕ್ಷಣದಲ್ಲೇ ಇನ್ನೊಂದನ್ನು ಹಿಡಿದು ಜೋಡಿಯಾಗಿಬಿಡುತ್ತವೆ. ಕೆಲವು ಮಾತ್ರ ಹಾಗಲ್ಲ. ನಾನು ಬಳಸುವ ಡಿಪಿಪಿಎಚ್ ಎಂಬ ಪುಡಿ ಅಂಥದ್ದು. ಅದರ ಒಂಟಿ ಎಲೆಕ್ಟ್ರಾನಿನ ಸುತ್ತ ಪರಮಾಣುಗಳ ದಪ್ಪ ಉಂಗುರಗಳು ಅಡ್ಡ ನಿಂತಿರುತ್ತವೆ. ಅಡ್ಡ ನಿಲ್ಲುವುದಷ್ಟೇ ಅಲ್ಲ, ಆ ಒಂಟಿತನವನ್ನು ತಾವೂ ಅಷ್ಟಷ್ಟು ಹಂಚಿಕೊಂಡಿರುತ್ತವೆ. ಹಾಗಾಗಿ ಅದು ಕತ್ತಲ ಸೀಸೆಯಲ್ಲಿ ವರ್ಷಗಟ್ಟಲೆ ಒಂಟಿಯಾಗಿಯೇ ಬಾಳುತ್ತದೆ.

ಮೆಥನಾಲಿನಲ್ಲಿ ಕರಗಿಸಿದರೆ ಗಾಢ ನೇರಳೆ ಬಣ್ಣ. ಹೈಡ್ರೋಜನ್ ಕೊಡುವ ವಸ್ತು ಸಿಕ್ಕಿದರೆ ಆ ಒಂಟಿಗೆ ಜೋಡಿ ಸಿಕ್ಕಿ, ನೇರಳೆ ಹೋಗಿ ತಿಳಿ ಹಳದಿ. ಇದನ್ನು ಕೇಳಿದ ಮಾವ, ಕಷಾಯಕ್ಕೂ ಬಣ್ಣ ಹೋಗುತ್ತದಾ ನೋಡು ಅಂತ ಬಾಟಲಿ ಕೊಟ್ಟು ಕಳಿಸಿದ್ದರು.

ಆದರೆ ಲ್ಯಾಬಿನಲ್ಲಿ ಒಂದು ಕಟ್ಟಳೆಯಿದೆ. ಹೋಲಿಸಲು ಪಕ್ಕದಲ್ಲಿ ಇನ್ನೊಂದು ಟ್ಯೂಬು ಇಡದೆ ನೋಡಿದ್ದು ಲೆಕ್ಕಕ್ಕಿಲ್ಲ. ಅದಕ್ಕೆ ಕಂಟ್ರೋಲ್ ಅನ್ನುತ್ತೇವೆ. ಮೂರು ಟ್ಯೂಬುಗಳಲ್ಲಿ ನೇರಳೆ ದ್ರಾವಣ ತೆಗೆದುಕೊಂಡು ಒಂದಕ್ಕೆ ಬರೀ ಮೆಥನಾಲ್ ಹಾಕಿದೆ. ಒಂದಕ್ಕೆ ಕಷಾಯ. ಇನ್ನೊಂದಕ್ಕೆ ಕ್ಯಾಂಟೀನಿನ ಡಿಕಾಕ್ಷನ್. ಅರ್ಧ ಗಂಟೆ ಕತ್ತಲಲ್ಲಿಟ್ಟೆ.

ಮೊದಲನೆಯದು ನೇರಳೆಯಾಗಿಯೇ ಇತ್ತು. ಕಷಾಯದ್ದು ಹಳದಿ. ಕಾಫಿಯದ್ದು ಅದಕ್ಕಿಂತ ಚೆನ್ನಾದ ಹಳದಿ.

ಸಂಜೆ ಅತ್ತೆಯ ಮನೆಗೆ ಹೋದಾಗ ಮಾವ ಗೇಟಿನಲ್ಲೇ ಕಾದಿದ್ದರು.

"ಬಣ್ಣ ಹೋಯ್ತಾ?"

"ಹೋಯ್ತು ಮಾವ. ಆದ್ರೆ ಕಾಫಿ ಹಾಕಿದ್ರೂ ಹೋಯ್ತು."

ಅವರು ಚಿಲಕ ಹಿಡಿದೇ ನಿಂತರು. "ಕಾಫಿ ವಿಷಯ ಒಳಗೆ ಹೇಳ್ಬೇಡಮ್ಮ."

ಒಳಗಿನಿಂದ ಅತ್ತೆಯ ದನಿ. "ಏನ್ರೀ ಅದು ಗುಸುಗುಸು? ಊರಿನವರ ಮಾತೆಲ್ಲ ಕಿವಿಗೆ ಹಾಕ್ಕೊಂಡು ಪೆನ್ಷನ್ ತಗೊಂಡವಳು ನಾನು. ಬಂದು ನನ್ನೆದುರಿಗೇ ಹೇಳೇ."

ಹೇಳಿದೆ. ಎರಡನ್ನೂ ಹೇಳಿದೆ. ಟ್ಯೂಬಿನಲ್ಲಿ ಆದದ್ದು ಹೊಟ್ಟೆಯಲ್ಲೂ ಆಗುತ್ತದೆ ಅಂತಿಲ್ಲ ಅನ್ನುವುದನ್ನೂ ಹೇಳಿದೆ.

"ಕಾಫಿಗೇ ಚೆನ್ನಾಗಿ ಹೋಯ್ತು ಅಂದ್ಯಲ್ಲ?"

"ಹೂಂ ಅತ್ತೆ."

"ಕೇಳಿಸ್ಕೊಂಡ್ರಾ? ಫಿಲ್ಟರ್ ಕೆಳಗಿಳಿಸಿ."

"ಪಥ್ಯ ಕಣೇ, ಸರೋಜ."

"ಪಥ್ಯ ಮಾಡಿ ಎಷ್ಟು ಮೈ ಬಂದಿದೆ ನೋಡ್ರಿ."

ನಕ್ಕವರು ಅವರೊಬ್ಬರೇ. ಮನೆಯಲ್ಲಿ ಪುಡಿ ಇರಲಿಲ್ಲ. ಮಾವ ಚಪ್ಪಲಿ ಮೆಟ್ಟಿಕೊಂಡು ಗಾಂಧಿ ಬಜಾರಿಗೆ ಹೋಗಿ ತಂದರು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಾಲ್ಕು ಗುಟುಕು ಕುಡಿದರು. ಅಷ್ಟೇ ಸೇರಿದ್ದು. ಆಮೇಲೆ ಮೆಲ್ಲಗೆ ಅಂದರು: "ಆ ಸೊಪ್ಪು ಇನ್ನು ಸಾಕು ರೀ. ನಿಮಗೋಸ್ಕರ ಕುಡೀತಿದ್ದೆ."

ಕಷಾಯ ಅಂದೇ ನಿಂತಿತು. ಏಪ್ರಿಲ್ 17, ಶನಿವಾರ, ಅತ್ತೆ ಹೋದರು. ಅಲ್ಲಿಯವರೆಗೆ ದಿನವೂ ಎರಡು ಗುಟುಕಾದರೂ ಕಾಫಿ ಕುಡಿದರು. ಮಾವನೇ ಕುಡಿಸಿದರು.

ಕಳೆದ ಭಾನುವಾರ ಅಲ್ಲಿಗೆ ಹೋಗಿದ್ದೆ. ಒಣಗಿದ ಎಲೆ ಇನ್ನೂ ಮೊರದಲ್ಲೇ ಇದೆ. ಬಿಸಾಡಿಲ್ಲ. ಮಾವ ಅದನ್ನೇ ನೋಡುತ್ತ ಕೇಳಿದರು: "ನಿಲ್ಲಿಸ್ದೇ ಇದ್ದಿದ್ರೆ ಇನ್ನೊಂದಷ್ಟು ದಿನ ಇರ್ತಿದ್ಲೇನಮ್ಮ?"

ಇಲ್ಲ ಮಾವ ಅನ್ನಬಹುದಿತ್ತು. ಖಚಿತವಾಗಿ ಹೇಳಬೇಕೆಂದರೆ ಒಬ್ಬ ಅತ್ತೆಗೆ ಕಷಾಯ ಕೊಟ್ಟು, ಇನ್ನೊಬ್ಬ ಅತ್ತೆಗೆ ಕಾಫಿ ಕೊಟ್ಟು ನೋಡಬೇಕಿತ್ತು. ನಮಗಿದ್ದದ್ದು ಒಬ್ಬರೇ ಅತ್ತೆ.

ಔಷಧಿ ಗೊತ್ತಿರುವವರು ಬರೆಯುವುದು ಬೇಡ. ಮಾವನಂಥವರ ಈ ಪ್ರಶ್ನೆಗೆ ಎಂದಾದರೂ ಉತ್ತರ ಹೇಳಿ ಬಂದಿರುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ.

ಭಾನುವಾರ ಮತ್ತೆ ಹೋಗಬೇಕು. ಮಾವ ಮತ್ತೆ ಕೇಳುತ್ತಾರೆ.